ರಾತ್ರಿ 11:40ರಿಂದ 3:15ರವರೆಗೆ

ನಮ್ಮನೆಯವ್ರು ಹೋಗಿ ಎರಡು ವಾರಕ್ಕೆ ಆಸ್ಪತ್ರೆಯಿಂದ ಡೆತ್ ಸಮ್ಮರಿ ಕೈಗೆ ಬಂತು, ಒಂದೂವರೆ ಪುಟ. ಅದ್ರಲ್ಲಿ ಅವ್ರ ವಯಸ್ಸು ಸರಿ ಇತ್ತು, ಅಡ್ಮಿಟ್ ಆದ ತಾರೀಖು ಸರಿ ಇತ್ತು, ಮೂತ್ರನಾಳದಲ್ಲಿ 9 ಎಂಎಂ ಕಲ್ಲು ಅಂತ ಅದೂ ಸರಿಯಾಗೇ ಬರ್ದಿತ್ತು, ಆಮೇಲೆ ಬೆಳಗಿನ ಜಾವ ಪೇಶೆಂಟ್ ಕಂಡಿಷನ್ ಹಠಾತ್ತಾಗಿ ಹದಗೆಟ್ಟಿತು, ಎಲ್ಲ ಪ್ರಯತ್ನ ಮಾಡಿದರೂ ಉಳಿಸಿಕೊಳ್ಳಲಾಗಲಿಲ್ಲ ಅಂತ ಒಂದೇ ಒಂದು ವಾಕ್ಯ. ಆ ಹಠಾತ್ತಾಗಿ ಅನ್ನೋ ಪದ ನನ್ನ ಗಂಟಲಲ್ಲೇ ಸಿಕ್ಕಿಹಾಕ್ಕೊಂಡ್ಬಿಡ್ತು. ಯಾಕಂದ್ರೆ ಹಿಂದಿನ ರಾತ್ರಿ 11:52ಕ್ಕೆ ಅವ್ರು ನಂಗೆ ವಾಟ್ಸಾಪ್ ಮಾಡಿದ್ರು, "ತುಂಬಾ ನಡುಕ ಬರ್ತಿದೆ, ಇನ್ನೊಂದು ರಗ್ಗು ಹೊದಿಸಿದ್ರು, ನೀನು ಮಲ್ಕೋ" ಅಂತ. ನಾನು ಮಲಗಿಬಿಟ್ಟೆ. ಮಗಳು ಚಿಕ್ಕವಳು, ವಾರ್ಡಲ್ಲಿ ರಾತ್ರಿ ಯಾರೂ ಇರೋ ಹಾಗಿಲ್ಲ ಅಂದಿದ್ರು, ಬೆಳಿಗ್ಗೆ ಒಂದು ಸಣ್ಣ ಪ್ರೊಸೀಜರ್ ಅಷ್ಟೇ, ಮೂತ್ರ ಇಳಿಯೋಕೆ ಸ್ಟೆಂಟ್ ಅಂತ ಒಂದು ಸಣ್ಣ ಟ್ಯೂಬ್ ಹಾಕ್ತಾರೆ, ನೀನು ಮನೆಗೆ ಹೋಗು ಅಂತ ಅವ್ರೇ ಹೇಳಿ ಕಳ್ಸಿದ್ರು. ಬೆಳಿಗ್ಗೆ ನಾಲ್ಕೂವರೆಗೆ ಫೋನ್ ಬಂತು. 9:20ಕ್ಕೆ ಎಲ್ಲಾ ಮುಗ್ದೋಯ್ತು.

ನಂಗೆ ಯಾರ ಮೇಲೂ ಕೇಸ್ ಹಾಕೋ ಯೋಚನೆ ಇರ್ಲಿಲ್ಲ, ಈಗ್ಲೂ ಇಲ್ಲ. ಆದ್ರೆ ಮಗಳು ಒಂದಿನ "ಅಪ್ಪಂಗೆ ತುಂಬಾ ನೋವಾಯ್ತಾ ಅಮ್ಮಾ" ಅಂತ ಕೇಳಿದ್ಲು, ನನ್ನತ್ರ ಉತ್ತರ ಇರ್ಲಿಲ್ಲ. ಇಪ್ಪತ್ತು ಗಂಟೆಗೂ ಕಮ್ಮಿ ಇದ್ರು ಆ ಆಸ್ಪತ್ರೆಲಿ, ಅದ್ರಲ್ಲಿ ಕೊನೇ ರಾತ್ರಿ ಏನಾಯ್ತು ಅಂತ ಅವ್ರ ಹೆಂಡ್ತಿಗೇ ಗೊತ್ತಿಲ್ಲ ಅಂದ್ರೆ ಹೇಗೆ. ಮೈದುನ ಹೇಳಿದ್ರು, "ಅತ್ತಿಗೆ, ಇದನ್ನೆಲ್ಲ ಕೆದಕಿದ್ರೆ ನಿಮ್ಗೇ ಸಂಕಟ, ಬಿಟ್ಬಿಡಿ, ಹೋದವ್ರು ಬರ್ತಾರಾ" ಅಂತ. ಅವ್ರು ಪ್ರೀತಿಯಿಂದ್ಲೇ ಹೇಳಿದ್ದು, ಅದು ಗೊತ್ತು ನಂಗೆ. ಆದ್ರೆ ಕೆದಕ್ದೇ ಇದ್ರೆ ಸಂಕಟ ಕಮ್ಮಿ ಆಗುತ್ತೆ ಅನ್ನೋದು ನನ್ನ ವಿಷಯದಲ್ಲಂತೂ ಸುಳ್ಳು. ರಾತ್ರಿ ಮಲಗಿದ್ರೆ ನಾನೇ ಒಂದೊಂದು ಕಥೆ ಕಟ್ಕೋತಿದ್ದೆ, ಬೆಲ್ ಒತ್ತಿದ್ರೇನೋ ಯಾರೂ ಬರ್ಲಿಲ್ವೇನೋ, ನನ್ನ ಹೆಸರು ಕೂಗಿದ್ರೇನೋ ಅಂತ. ನಿಜ ಏನೇ ಇರ್ಲಿ, ಆ ಕಥೆಗಳಿಗಿಂತ ಕೆಟ್ಟದಾಗಿ ಇರೋಕೆ ಸಾಧ್ಯ ಇಲ್ಲ ಅನ್ನಿಸ್ತು.

ಮೊದ್ಲು ಹೋಗಿ ಬಾಯಲ್ಲಿ ಕೇಳ್ದೆ. ರೆಕಾರ್ಡ್ಸ್ ಸೆಕ್ಷನ್ ಕಿಟಕಿ ಹತ್ರ ನಿಂತು, ನಮ್ಮ ಯಜಮಾನ್ರ ಫೈಲ್ ಬೇಕಿತ್ತು ಅಂದೆ. "ಸಮ್ಮರಿ ಕೊಟ್ಟಿದೀವಲ್ಲ ಮೇಡಂ, ಅದ್ರಲ್ಲೇ ಎಲ್ಲಾ ಇರುತ್ತೆ" ಅಂದ್ರು. ಇನ್ನೊಂದ್ ಸಲ ಹೋದಾಗ ಇನ್ಶೂರೆನ್ಸ್‌ಗಾ ಅಂತ ಕೇಳಿದ್ರು, ಅಲ್ಲ ಅಂದಿದ್ದಕ್ಕೆ ಮತ್ಯಾಕೆ ಅಂದ್ರು. ಮೂರನೇ ಸಲ ಸಾರ್ ರಜಾದಲ್ಲಿದಾರೆ. ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತೆ ಅಂತ ಅರ್ಥ ಆಗೋಕೆ ನಂಗೆ ಒಂದು ತಿಂಗಳೇ ಬೇಕಾಯ್ತು. ಆ ಒಂದು ತಿಂಗಳಲ್ಲಿ ಏನು ಕಳ್ಕೊಂಡೆ ಅಂತಾನೂ ಆಮೇಲೆ ಗೊತ್ತಾಯ್ತು, ಲ್ಯಾಬ್‌ನೋರು ರಕ್ತದ ಸ್ಯಾಂಪಲ್ಲನ್ನ ತಿಂಗಳುಗಟ್ಲೆ ಎತ್ತಿಡಲ್ಲ, ಇನ್ನೊಂದು ಟೆಸ್ಟ್ ಮಾಡಿಸ್ಬೇಕು ಅಂದ್ರೂ ಆಗ ಆಗಲ್ಲ. ಪೋಸ್ಟ್‌ಮಾರ್ಟಮ್ ಅಂತೂ ಅವತ್ತೇ ಕೈಬಿಟ್ಟಿದ್ದೆ. ಐಸಿಯು ಬಾಗಿಲಲ್ಲಿ ಒಬ್ಬ ಚಿಕ್ಕ ಡಾಕ್ಟರು ಬಂದು "ಪಿಎಂ ಏನೂ ಬೇಡ ಅಲ್ವಾ" ಅಂತ ಕೇಳಿದ್ರು, ಕೇಳಿದ ರೀತಿನೇ ಹಾಗಿತ್ತು, ನಾನು ಬೇಡ ಅಂತ ತಲೆ ಆಡಿಸ್ದೆ. ಆ ಹೊತ್ತಲ್ಲಿ ಏನು ಕೇಳಿದ್ರೂ ತಲೆ ಆಡಿಸ್ತಿದ್ದೆ.

ಆಮೇಲೆ ಲೆಟರ್ ಬರ್ದೆ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನ್ನಂಗೆ ಕಿಟಕಿ ಹತ್ರ ನಿಂತಿರೋರು ಎಷ್ಟೋ ಜನ ಇರ್ತಾರೆ. "ಫುಲ್ ಫೈಲ್ ಕೊಡಿ" ಅಂತ ಬರೆದ್ರೆ ಅವ್ರಿಗೆ ಯಾವ್ದು ಫುಲ್ ಅನ್ನಿಸುತ್ತೋ ಅಷ್ಟು ಕೊಡ್ತಾರೆ. ಅದಕ್ಕೇ ಒಂದೊಂದನ್ನೂ ಹೆಸರು ಹಿಡಿದು ಕೇಳ್ಬೇಕು. ನಮ್ಮ ದೂರದ ಸಂಬಂಧದಲ್ಲಿ ಒಬ್ಬ ಹುಡುಗಿ ನರ್ಸ್ ಆಗಿದಾಳೆ, ಬೇರೆ ಆಸ್ಪತ್ರೆಲಿ, ಅವಳು ಫೋನಲ್ಲೇ ಬರೆಸಿದ್ಲು. ಕ್ಯಾಶುವಾಲ್ಟಿ ನೋಟ್ಸು, ಡಾಕ್ಟರು ದಿನಾ ಬರೆಯೋ ಪ್ರೋಗ್ರೆಸ್ ನೋಟ್ಸು, ನರ್ಸಸ್ ನೋಟ್ಸು, ಟೆಂಪರೇಚರ್ ಪಲ್ಸ್ ಬಿಪಿ ಬರೆಯೋ ವೈಟಲ್ಸ್ ಚಾರ್ಟು, ಡ್ರಗ್ ಚಾರ್ಟು, ಎಷ್ಟು ಡ್ರಿಪ್ ಹೋಯ್ತು ಎಷ್ಟು ಯೂರಿನ್ ಬಂತು ಅನ್ನೋ ಇನ್‌ಟೇಕ್ ಔಟ್‌ಪುಟ್ ಚಾರ್ಟು, ಐಸಿಯು ಶೀಟು, ಕನ್ಸೆಂಟ್ ಫಾರಂಗಳು, ಲ್ಯಾಬ್ ರಿಪೋರ್ಟು ಸ್ಯಾಂಪಲ್ ತಗೊಂಡ ಟೈಮ್ ಸಮೇತ, ಸ್ಕ್ಯಾನಿನ ರಿಪೋರ್ಟ್ ಮಾತ್ರ ಅಲ್ಲ ಇಮೇಜಸ್ಸೂ ಸಿಡಿಲಿ. "ಅಕ್ಕಾ, ಸಾವು ಆದ್ಮೇಲೆ ಬಂದ ರಿಪೋರ್ಟುಗಳನ್ನೂ ಕೇಳಿ, ಅದನ್ನ ಯಾರೂ ಕೇಳಲ್ಲ" ಅಂದ್ಲು. ಆ ಒಂದು ಮಾತು ಎಷ್ಟು ದೊಡ್ಡದು ಅಂತ ಆಮೇಲೆ ಗೊತ್ತಾಯ್ತು.

ಅವ್ರ ಡೆತ್ ಸರ್ಟಿಫಿಕೇಟು, ನನ್ನ ಗುರುತಿನ ಚೀಟಿ, ನಾನು ಅವ್ರ ಹೆಂಡ್ತಿ ಅನ್ನೋದಕ್ಕೆ ದಾಖಲೆ, ಎಲ್ಲಾ ಲಗತ್ತಿಸಿ, ಎರಡು ಪ್ರತಿ ತಗೊಂಡು ಹೋಗಿ ಒಂದರ ಮೇಲೆ ಸೀಲ್ ಹಾಕಿಸ್ಕೊಂಡೆ, ತಾರೀಖು ಸಮೇತ. ಸೀಲ್ ಬಿದ್ದ ಮೇಲೆ ಅವ್ರು ಮಾತಾಡೋ ರೀತಿನೇ ಬದಲಾಯ್ತು. ಒರಟಾಗಿ ಏನೂ ಆಗ್ಲಿಲ್ಲ, ಇನ್ನೂ ಮರ್ಯಾದೆಯಿಂದ್ಲೇ ಮಾತಾಡಿದ್ರು, ಆದ್ರೆ ಇದು ಬಿಟ್ಟು ಹೋಗೋ ಹೆಂಗಸಲ್ಲ ಅಂತ ಗೊತ್ತಾಯ್ತು ಅನ್ಸುತ್ತೆ.

ಕಾಯ್ತಾ ಇರೋವಾಗ ನಾನು ಇನ್ನೊಂದು ಕೆಲ್ಸ ಮಾಡ್ದೆ, ನನ್ನ ಫೋನ್ ತೆಗೆದು ಆ ಎರಡು ದಿನದ ಕಾಲ್ ಲಾಗು, ಮೆಸೇಜು, ಫೋಟೋ ಎಲ್ಲಾದ್ರ ಟೈಮ್ ಒಂದು ನೋಟ್‌ಬುಕ್ಕಲ್ಲಿ ಇಳಿಸ್ದೆ. ಮಧ್ಯಾಹ್ನ 2:35ಕ್ಕೆ ಕ್ಯಾಶುವಾಲ್ಟಿ ಮುಂದೆ ನಿಂತು ತಂಗಿಗೆ ಫೋನ್ ಮಾಡಿದ್ದು. 6:10ಕ್ಕೆ ಡ್ರಿಪ್ ಹಾಕಿರೋ ಕೈಯ ಫೋಟೋ ಅವ್ರು ಮಗಳಿಗೆ ಕಳ್ಸಿದ್ದು. 8:45ಕ್ಕೆ "ಹುಷಾರಾಗಿ ಹೋಗು". 11:52. ಆಮೇಲೆ ಏನೂ ಇಲ್ಲ. ನೆನಪು ಮೋಸ ಮಾಡುತ್ತೆ, ನಾನು ಎಂಟಕ್ಕೆ ಮನೆಗೆ ಬಂದೆ ಅಂತಲೇ ಎಲ್ರಿಗೂ ಹೇಳ್ತಿದ್ದೆ, ಮೆಸೇಜ್ ನೋಡಿದ್ರೆ ಒಂಬತ್ತರ ಹತ್ರ. ಅಷ್ಟು ಹೊತ್ತು ಹೆಚ್ಚಿಗೆ ಅವ್ರ ಜೊತೆ ಇದ್ದೆ ಅಂತ ಗೊತ್ತಾಗಿ ಅವತ್ತು ಅಳು ಬಂತು.

ಫೈಲ್ ಬಂತು. 64 ಪುಟ, ಜೆರಾಕ್ಸು. ಮೊದಲ ದಿನ ಬಿಚ್ಚೋಕೇ ಆಗ್ಲಿಲ್ಲ. ಅವ್ರ ಸಹಿ ಇರೋ ಕನ್ಸೆಂಟ್ ಫಾರಂ ಮೇಲೇ ಇತ್ತು, ಡ್ರಿಪ್ ಹಾಕಿದ ಕೈಲೇ ಸೈನ್ ಮಾಡಿರ್ಬೇಕು, ಅಕ್ಷರ ಸೊಟ್ಟಗೆ ಬಂದಿತ್ತು. ಮಗಳು ಮಲಗಿದ ಮೇಲೆ ದಿನಾ ಒಂದು ಗಂಟೆ ಅಂತ ಲೆಕ್ಕ ಇಟ್ಕೊಂಡು ಓದ್ದೆ, ಅದಕ್ಕಿಂತ ಜಾಸ್ತಿ ಓದಿದ್ರೆ ಮಾರನೇ ದಿನ ಕೆಲ್ಸಕ್ಕೆ ಹೋಗೋಕಾಗ್ತಿರ್ಲಿಲ್ಲ. ಪುಟಗಳಿಗೆ ನಂಬರ್ ಹಾಕ್ದೆ. ಹಾಗೆ ಹಾಕೋವಾಗ್ಲೇ ಗೊತ್ತಾಗಿದ್ದು, ವಾರ್ಡಿನ ವೈಟಲ್ಸ್ ಚಾರ್ಟ್ ಮೊದಲ ಹಾಳೆ ಇದೆ, ಎರಡನೇದು ಇಲ್ಲ. ನರ್ಸಸ್ ನೋಟ್ಸೂ ರಾತ್ರಿ ಎಂಟರವರೆಗೆ ಇದೆ, ನೈಟ್ ಶಿಫ್ಟಿಂದು ಇಲ್ಲ. ನಂಗೆ ಬೇಕಾಗಿದ್ದು ಅದೊಂದೇ.

ಇನ್ನೊಂದು ಲೆಟರ್. ಈ ಸಲ ಇಂಥಾ ತಾರೀಖು ರಾತ್ರಿ 8ರಿಂದ ಬೆಳಿಗ್ಗೆ 4:30ರವರೆಗಿನ ವಾರ್ಡ್ ಚಾರ್ಟು ಮತ್ತು ನರ್ಸಸ್ ನೋಟ್ಸು ಕೊಟ್ಟ ಪ್ರತಿಯಲ್ಲಿ ಇಲ್ಲ, ಇದ್ರೆ ಕೊಡಿ, ಇಲ್ದಿದ್ರೆ ಇಲ್ಲ ಅಂತ ಬರೆದು ಕೊಡಿ ಅಂತ ಕೇಳ್ದೆ. "ಇಲ್ಲ ಅಂತ ಬರೆದು ಕೊಡಿ" ಅನ್ನೋ ಆ ಸಾಲೇ ಕೆಲ್ಸ ಮಾಡಿದ್ದು ಅಂತ ನನ್ನ ನಂಬಿಕೆ. ಹತ್ತು ದಿನಕ್ಕೆ ಫೋನ್ ಬಂತು, ಐಸಿಯುಗೆ ಶಿಫ್ಟ್ ಮಾಡೋವಾಗ ಆ ಹಾಳೆಗಳು ಬೇರೆ ಫೋಲ್ಡರಿಗೆ ಸೇರ್ಕೊಂಡಿದ್ವು ಮೇಡಂ, ಬಂದು ತಗೊಂಡೋಗಿ ಅಂದ್ರು. ಜೊತೇಲಿ ಇನ್ನೊಂದು ಹಾಳೆ ಇತ್ತು, ಯೂರಿನ್ ಕಲ್ಚರ್ ರಿಪೋರ್ಟು, ಅಂದ್ರೆ ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಲ್ಯಾಬಲ್ಲಿ ಬೆಳೆಸಿ ನೋಡೋದು, ಅವ್ರು ಹೋಗಿ ಎರಡು ದಿನ ಆದ್ಮೇಲೆ ಬಂದಿರೋದು. ಯಾರೂ ನಂಗೆ ಫೋನ್ ಮಾಡಿ ಹೇಳಿರ್ಲಿಲ್ಲ, ಹೇಳ್ಬೇಕು ಅಂತಾನೂ ಯಾರಿಗೂ ಅನ್ಸಿರಲ್ಲ.

ಇದನ್ನೆಲ್ಲ ಓದಿ ಹೇಳೋಕೆ ಒಬ್ರು ಡಾಕ್ಟರು ಸಿಕ್ಕಿದ್ರು, ನಮ್ಮ ತಂಗಿ ಗಂಡನ ಪರಿಚಯದೋರು, ರಿಟೈರ್ಡು. ಆ ಆಸ್ಪತ್ರೆಗೂ ಅವ್ರಿಗೂ ಸಂಬಂಧ ಇಲ್ಲ. ಮೊದಲೇ ಹೇಳಿದ್ರು, "ನೋಡಮ್ಮ, ನಿಂಗೆ ಸಮಾಧಾನ ಆಗ್ಲಿ ಅಂತ ಒಂದು ಮಾತೂ ಹೇಳಲ್ಲ, ಕೋಪ ಬರ್ಲಿ ಅಂತಾನೂ ಹೇಳಲ್ಲ, ಹಾಳೆ ಏನು ಹೇಳುತ್ತೋ ಅದು." ನಂಗೂ ಅದೇ ಬೇಕಿತ್ತು.

ಅವ್ರು ಬಿಡಿಸಿ ಹೇಳಿದ್ದು ಹೀಗೆ. ಮೂತ್ರನಾಳದಲ್ಲಿ ಕಲ್ಲು ಕೂತು ದಾರಿ ಕಟ್ಕೊಂಡಿದೆ, ಅದ್ರ ಹಿಂದೆ ಕಿಡ್ನಿಲಿ ನಿಂತಿರೋ ಮೂತ್ರಕ್ಕೆ ಇನ್ಫೆಕ್ಷನ್ ಆಗಿದೆ. ಕಲ್ಲು ಒಂದೇ ಇದ್ರೆ ಕಾಯಬಹುದು, ಜ್ವರ ಒಂದೇ ಇದ್ರೆ ಆಂಟಿಬಯಾಟಿಕ್ ಕೊಟ್ಟು ನೋಡಬಹುದು, ಎರಡೂ ಸೇರಿದ್ರೆ ಅದು ಎಮರ್ಜೆನ್ಸಿ, ಯಾಕಂದ್ರೆ ಒಳಗೆ ಕಟ್ಕೊಂಡಿರೋದನ್ನ ಸ್ಟೆಂಟ್ ಹಾಕಿಯೋ ಬೆನ್ನಿಂದ ಟ್ಯೂಬ್ ಹಾಕಿಯೋ ಹೊರಗೆ ಬಿಡದೇ ಇದ್ರೆ ಔಷಧಿ ಒಂದೇ ಸಾಕಾಗಲ್ಲ, ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತೆ. ಅದೇ ಸೆಪ್ಸಿಸ್. ಅವ್ರಿಗೆ ಬಂದ ನಡುಕ ಚಳಿದಲ್ಲ, ರಗ್ಗು ಹೊದಿಸಿದ್ರೆ ಹೋಗೋದಲ್ಲ.

ಆಮೇಲೆ ವೈಟಲ್ಸ್ ಚಾರ್ಟ್ ತೆಗೆದು ಉಸಿರಾಟದ ಸಾಲಿನ ಮೇಲೆ ಬೆರಳಿಟ್ರು. ಸಂಜೆ 4ಕ್ಕೆ 18, 6ಕ್ಕೆ 18, 8ಕ್ಕೆ 18. ನಿಮಿಷಕ್ಕೆ 12ರಿಂದ 20 ಇದ್ರೆ ದೊಡ್ಡೋರಿಗೆ ನಾರ್ಮಲ್ಲು. ಎಲ್ಲಾ ಕಡೆ ಒಂದೇ ನಂಬರ್ ಇದ್ರೆ ಎಣಿಸಿ ಬರೆದಿದಾರೋ ಅಂದಾಜಿಗೆ ಬರೆದಿದಾರೋ ಅಂತ ಡೌಟ್ ಪಡಬೇಕು ಅಂದ್ರು. 11:40ಕ್ಕೆ 24. ಅದೇ ಹೊತ್ತಿಗೆ ಪಲ್ಸ್ 118, ಬಿಪಿ 104/62, ಜ್ವರ 38.8 ಸೆಲ್ಸಿಯಸ್, ಆಕ್ಸಿಜನ್ 95. ಒಂದೊಂದೇ ನೋಡಿದ್ರೆ ಯಾವ್ದೂ ಭಯ ಹುಟ್ಟಿಸಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ 2012ರಲ್ಲಿ ಒಂದು ಸ್ಕೋರ್ ಮಾಡಿದಾರೆ, ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್, ಚಿಕ್ಕದಾಗಿ ನ್ಯೂಸ್ ಅಂತ ಹೆಸರು, 2017ರಲ್ಲಿ ಅದನ್ನ ತಿದ್ದಿ ನ್ಯೂಸ್-2 ಮಾಡಿದ್ರು, ಈ ನಂಬರುಗಳಿಗೆಲ್ಲ ಪಾಯಿಂಟ್ ಕೊಟ್ಟು ಕೂಡೋದು. ಡಾಕ್ಟರು ಪೆನ್ಸಿಲಲ್ಲಿ ಅಂಚಲ್ಲೇ ಕೂಡಿದ್ರು, ಉಸಿರಾಟಕ್ಕೆ 2, ಪಲ್ಸ್‌ಗೆ 2, ಬಿಪಿಗೆ 1, ಜ್ವರಕ್ಕೆ 1, ಆಕ್ಸಿಜನ್‌ಗೆ 1. ಒಟ್ಟು 7. 7 ಅಂದ್ರೆ ಆ ಲೆಕ್ಕದಲ್ಲಿ ತಕ್ಷಣ ಸೀನಿಯರ್ ಡಾಕ್ಟರು ಬಂದು ನೋಡ್ಬೇಕು, ಮಾನಿಟರ್ ಹಾಕಿ ಕಣ್ಣಿಟ್ಟಿರಬೇಕು. "ಈ ಆಸ್ಪತ್ರೆಲಿ ಈ ಸ್ಕೋರ್ ಬಳಸ್ತಾರೋ ಇಲ್ವೋ ಬೇರೆ ಮಾತು, ಆದ್ರೆ ನಂಬರ್ ಇಲ್ಲೇ ಇತ್ತು" ಅಂದ್ರು.

ಅದ್ರ ಮುಂದಿನ ಕಾಲಂ 3:15. ಬಿಪಿ 78/40. ನಡುವೆ ಏನೂ ಇಲ್ಲ. ಖಾಲಿ ಚೌಕಗಳು. ಮೂರು ಗಂಟೆ ಮೂವತ್ತೈದು ನಿಮಿಷ. ಹಠಾತ್ತಾಗಿ ಅಂತ ಯಾಕೆ ಬರೆದ್ರು ಅಂತ ನಂಗೆ ಅವಾಗ ಗೊತ್ತಾಯ್ತು, ನಡುವೆ ಯಾರೂ ನೋಡ್ದೇ ಇದ್ರೆ ಎಲ್ಲಾ ಹಠಾತ್ತಾಗಿಯೇ ಕಾಣುತ್ತೆ.

ಡ್ರಗ್ ಚಾರ್ಟಲ್ಲಿ ಎರಡು ಟೈಮ್ ಇರುತ್ತೆ, ಆರ್ಡರ್ ಮಾಡಿದ್ದು ಒಂದು, ಕೊಟ್ಟಿದ್ದು ಒಂದು. ನಾನು ಅಲ್ಲಿವರೆಗೂ ಅದನ್ನ ಗಮನಿಸಿರ್ಲಿಲ್ಲ. ಆಂಟಿಬಯಾಟಿಕ್ ಬರೆದಿದ್ದು ಸಂಜೆ 7:20, ಕೊಟ್ಟಿದ್ದು 10:50. ನಾನು 8:45ರವರೆಗೂ ಪಕ್ಕದಲ್ಲೇ ಕೂತಿದ್ದೆನಲ್ಲ, ಇಂಜೆಕ್ಷನ್ ಇನ್ನೂ ಬಂದಿಲ್ಲ ಅಂತ ಗೊತ್ತಿದ್ರೆ ಕೇಳ್ತಿದ್ದೆ, ಹತ್ತು ಸಲ ಹೋಗಿ ಕೇಳ್ತಿದ್ದೆ. ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ ಅಂತ ಇದೆ, ಅವ್ರ 2021ರ ಗೈಡ್‌ಲೈನ್ ಪ್ರಕಾರ ಶಾಕ್ ಇದ್ರೆ, ಅಂದ್ರೆ ಬಿಪಿ ಕುಸಿದುಹೋಗಿದ್ರೆ, ಅಥವಾ ಸೆಪ್ಸಿಸ್ಸೇ ಅಂತ ಬಲವಾಗಿ ಅನ್ನಿಸಿದ್ರೆ ಒಂದು ಗಂಟೆ ಒಳಗೆ, ಶಾಕ್ ಇಲ್ದೆ ಬರೀ ಅನುಮಾನ ಇದ್ರೆ ಬೇಗ ಪರೀಕ್ಷೆ ಮಾಡಿ, ಅನುಮಾನ ಹೋಗ್ದಿದ್ರೆ ಮೂರು ಗಂಟೆ ಒಳಗೆ ಔಷಧಿ ಹೋಗ್ಬೇಕು. ಇಲ್ಲಿ ಬರೆದ ಮೇಲೇ ಮೂರೂವರೆ ಗಂಟೆ. ಆಮೇಲೆ ಆ ಕಲ್ಚರ್ ರಿಪೋರ್ಟು. ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಬೆಳೆದಿದೆ. ಕೆಳಗೆ ಯಾವ್ಯಾವ ಔಷಧಿಗೆ ಅದು ಬಗ್ಗುತ್ತೆ ಅಂತ ಪಟ್ಟಿ, ಅದ್ರಲ್ಲಿ ಅವ್ರಿಗೆ ಬರೆದಿದ್ದ ಔಷಧಿ ಹೆಸರ ಮುಂದೆ ಎಸ್, ಸೆನ್ಸಿಟಿವ್ ಅಂತ. ಅಂದ್ರೆ ಸರಿಯಾದ ಔಷಧೀನೇ ಬರೆದಿದ್ರು.

ಬೇಗ ಕೊಟ್ಟಿದ್ರೆ ಉಳೀತಿದ್ರಾ ಡಾಕ್ಟ್ರೇ ಅಂತ ಕೇಳ್ದೆ. ಅವ್ರು ಕನ್ನಡಕ ತೆಗೆದು ಸುಮಾರು ಹೊತ್ತು ಸುಮ್ನಿದ್ರು. "ಅವಕಾಶ ಜಾಸ್ತಿ ಇರ್ತಿತ್ತು. ಉಳೀತಿದ್ರು ಅಂತ ನಾನು ಹೇಳೋಕಾಗಲ್ಲಮ್ಮ. ಯಾರಾದ್ರೂ ಖಂಡಿತಾ ಅಂತ ಹೇಳಿದ್ರೆ, ಹೌದು ಅಂತಾಗ್ಲಿ ಅಲ್ಲ ಅಂತಾಗ್ಲಿ, ಅವ್ರನ್ನ ನಂಬಬೇಡ." ಈ ಮಾತನ್ನ ನಾನು ನೋಟ್‌ಬುಕ್ಕಲ್ಲಿ ಹಾಗೇ ಬರೆದಿಟ್ಕೊಂಡಿದೀನಿ.

ನೈಟ್ ನರ್ಸಸ್ ನೋಟ್ಸ್ ಮಾತ್ರ ನಾನು ಯಾರ ಹತ್ರಾನೂ ಓದಿಸ್ಲಿಲ್ಲ. ಮನೇಲಿ ಒಬ್ಳೇ ಕೂತು ಓದ್ದೆ. ಇಂಗ್ಲಿಷಲ್ಲಿ ಅವಸರದ ಕೈಬರಹ. 11:45, ಮೈ ನಡುಗ್ತಿದೆ ಅಂದ್ರು, ಕಂಬಳಿ ಕೊಡಲಾಯಿತು, ಡ್ಯೂಟಿ ಡಾಕ್ಟರಿಗೆ ತಿಳಿಸಲಾಯಿತು. ಅಂದ್ರೆ ಆಕೆ ಹೇಳಿದಾರೆ. ಡಾಕ್ಟರು ಬಂದ್ರು ಅಂತ ಎಲ್ಲೂ ಇಲ್ಲ. ಪಕ್ಕದಲ್ಲಿ ನೋವಿನ ಸ್ಕೋರ್ ಅಂತ ಒಂದು ಸಣ್ಣ ಕಾಲಂ, ಹತ್ತಕ್ಕೆ ಎಷ್ಟು ಅಂತ ಪೇಶೆಂಟನ್ನೇ ಕೇಳಿ ಬರೆಯೋದು. ರಾತ್ರಿ 9ಕ್ಕೆ 6, ನೋವಿನ ಇಂಜೆಕ್ಷನ್ ಆದ್ಮೇಲೆ 11:45ಕ್ಕೆ 3. ಅದ್ರ ಕೆಳಗೆ 1:10. ಪೇಶೆಂಟ್ ಎಚ್ಚರವಾಗಿದಾರೆ, ಮಾತಾಡ್ತಿದಾರೆ, ಲೈಟ್ ಆಫ್ ಮಾಡಿ ಅಂದ್ರು, ಮಾಡಲಾಯಿತು.

ಲೈಟ್ ಇದ್ರೆ ಅವ್ರಿಗೆ ನಿದ್ದೆ ಬರ್ತಿರ್ಲಿಲ್ಲ. ಮದುವೆ ಆದಾಗಿಂದ ನಮ್ಮಿಬ್ರಿಗೂ ಅದೇ ಜಗಳ, ನಾನು ಓದ್ತಾ ಕೂತ್ರೆ "ಏನೇ, ಆಫ್ ಮಾಡೇ ಸಾಕು" ಅಂತಿದ್ರು. ಆ ಸಾಲಿನ ಮೇಲೆ ಕೈ ಇಟ್ಕೊಂಡು ಸುಮಾರು ಹೊತ್ತು ಕೂತಿದ್ದೆ. 1:10ಕ್ಕೆ ಅವ್ರು ಅವ್ರಾಗೇ ಇದ್ರು. ಅವ್ರ ಹಾಸಿಗೆ ಹತ್ರ ಒಬ್ರು ಬಂದಿದ್ರು, ಹೇಳಿದ್ದು ಕೇಳಿದ್ರು, ಮಾಡಿದ್ರು. ಐಸಿಯು ಶೀಟಲ್ಲಿ 4:40ಕ್ಕೆ ವೆಂಟಿಲೇಟರ್ ಟ್ಯೂಬ್ ಹಾಕೋಕ್ ಮುಂಚೆ ನಿದ್ದೆ ಔಷಧಿ ಕೊಟ್ಟಿದಾರೆ ಅಂತ ಇತ್ತು, ಆಮೇಲಿಂದು ಅವ್ರಿಗೆ ಗೊತ್ತಾಗಿರಲ್ಲ. ಮಗಳಿಗೆ ಮಾರನೇ ದಿನ ಹೇಳ್ದೆ, ನೋವಿತ್ತು ಪುಟ್ಟಾ, ಆದ್ರೆ ಇಂಜೆಕ್ಷನ್ ಕೊಟ್ಟ ಮೇಲೆ ಅರ್ಧ ಕಮ್ಮಿ ಆಗಿತ್ತು, ಅಪ್ಪಾನೇ ಹೇಳಿದಾರೆ, ಬರ್ದಿದೆ ಅಂತ. ಎಲ್ಲಿ ತೋರ್ಸು ಅಂದ್ಲು. ತೋರಿಸ್ದೆ.

ಅದಾದ್ಮೇಲೆ ಆಸ್ಪತ್ರೆಯೋರ ಜೊತೆ ಮೀಟಿಂಗ್ ಕೇಳ್ದೆ. ಮುಂಚೇನೇ ನಾಲ್ಕು ಪ್ರಶ್ನೆ ಬರೆದು ಕಳ್ಸಿದ್ದೆ, ಹೋಗಿ ಕೂತಾಗ ಅಳು ಬಂದ್ರೆ ಪ್ರಶ್ನೆ ಹಾಳೆ ಮೇಲಾದ್ರೂ ಇರ್ಲಿ ಅಂತ. ತಂಗೀನ ಜೊತೆಗೆ ಕರ್ಕೊಂಡು ಹೋದೆ, ಅವಳ ಕೆಲ್ಸ ಬರ್ಕೊಳೋದು ಮಾತ್ರ. ಯೂರಾಲಜಿ ಡಾಕ್ಟರು, ಅಡ್ಮಿನಿಸ್ಟ್ರೇಷನ್ನೋರೊಬ್ರು, ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಇದ್ರು. ಶುರುವಾಗಿದ್ದು ನಿಮ್ಮ ದುಃಖದಲ್ಲಿ ನಾವೂ ಭಾಗಿ ಅಂತ. ನಾನು ಆ ಎರಡು ಹಾಳೆ ಮೇಜಿನ ಮೇಲಿಟ್ಟೆ. ಇಂಜೆಕ್ಷನ್ ಯಾಕೆ ಮೂರೂವರೆ ಗಂಟೆ ತಡ ಆಯ್ತು ಸರ್. ವಾರ್ಡ್ ಸ್ಟಾಕಲ್ಲಿ ಇರ್ಲಿಲ್ಲ, ಫಾರ್ಮಸಿಯಿಂದ ಬರ್ಬೇಕಿತ್ತು, ಅಷ್ಟರಲ್ಲಿ ಎಂಟು ಗಂಟೆ ಶಿಫ್ಟ್ ಬದಲಾಯ್ತು, ಹೊಸಾಗಿ ಬಂದೋರಿಗೆ ಕೊಟ್ಟಿಲ್ಲ ಅಂತ ತಡವಾಗಿ ಗೊತ್ತಾಯ್ತು ಅಂದ್ರು. ಡ್ಯೂಟಿ ಡಾಕ್ಟರು ಯಾಕೆ ಬರ್ಲಿಲ್ಲ ಅಂದ್ರೆ ಇನ್ನೊಂದು ಫ್ಲೋರಲ್ಲಿ ಎಮರ್ಜೆನ್ಸಿ ಇತ್ತು. ಯೂರಾಲಜಿ ಡಾಕ್ಟರಿಗೆ ಮೊದಲ ಫೋನ್ ಹೋಗಿದ್ದೇ 4:05ಕ್ಕೆ. ಖಾಲಿ ಚೌಕ ಯಾಕೆ ಸರ್ ಅಂದೆ. ಅಡ್ಮಿನಿಸ್ಟ್ರೇಷನ್ನೋರು ಏನೋ ಹೇಳೋಕೆ ಹೋದ್ರು, ಯೂರಾಲಜಿ ಡಾಕ್ಟರು ಕೈ ತೋರಿಸಿ ತಡೆದು, ಚಾರ್ಟನ್ನೇ ನೋಡ್ತಾ, "11:40ಕ್ಕೇ ನಂಗೆ ಫೋನ್ ಬರ್ಬೇಕಿತ್ತಮ್ಮ. ಬಂದಿದ್ರೆ ನಾನು ರಾತ್ರಿನೇ ಸ್ಟೆಂಟ್ ಹಾಕ್ತಿದ್ದೆ" ಅಂದ್ರು. ರೂಮಲ್ಲಿ ಯಾರೂ ಮಾತಾಡ್ಲಿಲ್ಲ. ತಂಗಿ ಬರ್ಕೊಂಡ್ಲು.

ನಂಗೆ ಅಷ್ಟೇ ಬೇಕಿತ್ತು ಅಂತ ಅಲ್ಲಿ ಕೂತಾಗಲೇ ಅನ್ನಿಸ್ತು. ಅವ್ರ ಮೇಲೆ ಕೋಪ ಇಳಿದುಹೋಯ್ತು ಅಂತ ಹೇಳಲ್ಲ, ಇಳಿದಿಲ್ಲ. ಆದ್ರೆ ಒಬ್ರು ಎದುರಿಗೆ ಕೂತು ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ರು.

ಇನ್ನೊಂದು ಕೆಲ್ಸ ಬಾಕಿ ಇತ್ತು. ಸಾವಿನ ಕಾರಣದ ಸರ್ಟಿಫಿಕೇಟಲ್ಲಿ ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್ ಅಂತ ಮಾತ್ರ ಬರೆದಿದ್ರು. ಅಂದ್ರೆ ಹೃದಯ ನಿಂತೋಯ್ತು ಉಸಿರು ನಿಂತೋಯ್ತು ಅಂತ. ಅದು ಎಲ್ರಿಗೂ ಆಗುತ್ತಲ್ಲ, ಅದು ಕಾರಣ ಹೇಗಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ನಮೂನೆಯಲ್ಲಿ ಮೇಲಿನ ಸಾಲಲ್ಲಿ ನೇರ ಕಾರಣ, ಅದ್ರ ಕೆಳಗೆ ಅದು ಯಾವುದ್ರಿಂದ ಆಯ್ತು, ಅದ್ರ ಕೆಳಗೆ ಅದು ಯಾವುದ್ರಿಂದ ಅಂತ ಮೂಲದವರೆಗೆ ಇಳಿದು ಬರೀಬೇಕು, ಹೃದಯ ನಿಂತಿದ್ದನ್ನ ಕಾರಣ ಅಂತ ಬರೀಬಾರ್ದು ಅಂತಲೇ ಸೂಚನೆ ಇದೆ. ರಿಟೈರ್ಡ್ ಡಾಕ್ಟರು ಹೇಳಿಕೊಟ್ಟ ಹಾಗೆ ತಿದ್ದುಪಡಿಗೆ ಅರ್ಜಿ ಕೊಟ್ಟೆ, ಕಲ್ಚರ್ ರಿಪೋರ್ಟ್ ಲಗತ್ತಿಸಿ. ಬರೀ ಕಾಗದ ಅದು, ಏನು ಉಪಯೋಗ ಅಂತ ಮೈದುನ ಮತ್ತೆ ಕೇಳಿದ್ರು. ಅವ್ರು ಹೋದ ಕಾರಣ ತಪ್ಪಾಗಿ ಬರೆದಿರೋ ಕಾಗದ ನನ್ನ ಬೀರುವಲ್ಲಿ ಇರೋದು ಬೇಡ ಅಂದೆ. ಮುಂದೆ ಮಗಳಿಗೆ ಯಾವತ್ತಾದ್ರೂ ಡಾಕ್ಟರು ನಿಮ್ಮ ತಂದೆಗೆ ಏನಾಗಿತ್ತು ಅಂತ ಕೇಳಿದ್ರೆ ಹಾರ್ಟ್ ಪ್ರಾಬ್ಲಂ ಅಂತ ಹೇಳ್ಬಾರ್ದಲ್ಲ ಅವಳು.

ಎರಡು ಸಲ ವಾಪಸ್ ಬಂತು, ಒಂದ್ಸಲ ಸಹಿ ಇಲ್ಲ ಅಂತ, ಒಂದ್ಸಲ ಫಾರಂ ಬೇರೆ ಅಂತ. ಮೂರನೇ ಸಲಕ್ಕೆ ಆಯ್ತು. ಸೆಪ್ಟಿಕ್ ಶಾಕ್, ಅದ್ರ ಕೆಳಗೆ ಮೂತ್ರ ಕಟ್ಟಿ ಕಿಡ್ನಿಗೆ ಇನ್ಫೆಕ್ಷನ್, ಅದ್ರ ಕೆಳಗೆ ಮೂತ್ರನಾಳದ ಕಲ್ಲು. ಮೂರು ಸಾಲು.

ಅದನ್ನ ತಗೊಂಡು ಬರೋ ದಿನ ವಾರ್ಡಿಗೂ ಹೋಗಿದ್ದೆ. ನೈಟ್ ನೋಟ್ಸ್ ಕೆಳಗೆ ಎರಡಕ್ಷರದ ಇನಿಶಿಯಲ್ ಮಾತ್ರ ಇತ್ತು, ಅವ್ರು ಯಾರು ಅಂತ ಆಸ್ಪತ್ರೆಯೋರು ಹೇಳಲ್ಲ ಅಂದ್ರು, ನಾನೂ ಒತ್ತಾಯ ಮಾಡ್ಲಿಲ್ಲ. ಒಂದು ಚಿಕ್ಕ ಕಾಗದ ಬರೆದಿದ್ದೆ. ನೀವು ಡಾಕ್ಟರಿಗೆ ತಿಳಿಸಿದ್ರಿ ಅಂತ ಓದ್ದೆ, ಲೈಟ್ ಆಫ್ ಮಾಡಿದ್ರಿ ಅಂತಾನೂ ಓದ್ದೆ, ತುಂಬಾ ಥ್ಯಾಂಕ್ಸ್ ಸಿಸ್ಟರ್, ಅಂತ. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಅದನ್ನ ಮಡಚಿ ಜೇಬಿಗೆ ಹಾಕ್ಕೊಂಡು, "ಕೊಡ್ತೀನಿ" ಅಂದ್ರು.